ಅಜ್ಜಿಯ ಮಾತು ಕಲಿಯುತ್ತಿದ್ದ ಬೆನ್

ಕುಡಿಯಲು ನೀರು ಕೇಳುವ ಮುಂಚೆ ಬೆನ್ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆರಡಿಯ ಆಳು, ದೋಹಾದ ಬಿಸಿಲಲ್ಲಿ ಬೆಂದು ಬಂದವನು, ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸುತ್ತ ಹುಡುಕಾಡಿ, ಉದ್ದನೆಯ ಶಬ್ದವೊಂದನ್ನು ಉದುರಿಸಿ, ಆಮೇಲೆ ಕೈಚಾಚುತ್ತಿದ್ದ. "ಅಷ್ಟರಲ್ಲಿ ಒಂದು ಕೊಡಪಾನ ಕುಡಿಯಬಹುದಿತ್ತಲ್ಲ ಮಾರಾಯಾ!" ಎಂದು ನಾನು ಕನ್ನಡದಲ್ಲೇ ಬೈದರೂ ಹಲ್ಲು ಕಿರಿಯುತ್ತಿದ್ದ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ ಆಗಿತ್ತು. ದೋಹಾದ ಅಲ್ ಮುಂತಜಾ ಬಡಾವಣೆಯ ಹಳೇ ಕಟ್ಟಡದಲ್ಲಿ ಅವನು ನಮ್ಮ ಮೇಲಿನ ಮನೆಯವನು. ಅಮೆರಿಕದವನು, ಶಾಲೆಯಲ್ಲಿ ಗಣಿತದ ಮಾಸ್ಟ್ರು. ಅವನ ಅಜ್ಜಿ ಅಲ್ಲಿಯ ಮೂಲನಿವಾಸಿಗಳಾದ ಚೆರೊಕೀ ಜನ. ಆ ಭಾಷೆಯ ಒಕ್ಲಹೋಮಾ ಕಡೆಯ ಆಡುಮಾತನ್ನು ದೂರದ ಚಿಕ್ಕಮ್ಮ ಒಬ್ಬರು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸಿದ್ದರು. ನೀರು ಕೊಡು ಅನ್ನಲು ಒಂದು ಕ್ರಿಯಾಪದವಂತೆ, ಬಟ್ಟೆ ಕೊಡು ಅನ್ನಲು ಇನ್ನೊಂದು, ಉದ್ದದ್ದಕ್ಕೆ ಮತ್ತೊಂದು, ಜೀವ ಇರುವುದಕ್ಕೇ ಬೇರೆ. ವಸ್ತು ಕೈಗೆ ಬಂದರೆ ಮಾತ್ರ ಶಬ್ದ ನಾಲಿಗೆಗೆ ಬರುತ್ತದೆ ಎಂಬುದು ಬೆನ್‌ನ ವಾದ. ಹಾಗಾಗಿ ಅಲ್ಲಿಯ ವಾರದ ರಜೆಯಾದ ಶುಕ್ರವಾರ ನಾವು ಇಗರ್ಜಿಯ ಪೂಜೆ ಮುಗಿಸಿ ಬಂದ ಕೂಡಲೇ ಅವನು ಹಾಜರು. ನಾನು ಒದ್ದೆ ಟವೆಲ್ಲು, ಸೌಟು, ಪೊರಕೆ ಎಲ್ಲ ಅವನ ಕೈಗೆ ಕೊಡಬೇಕು. "ಯಲ್ಲಾ ಬೆನ್, ಖಲಾಸ್! ಸಾಕು ಬಾ, ಮೀನು ತಣ್ಣಗಾಗ್ತದೆ" ಎಂದು ಅರಬಿ ಬೆರೆಸಿ ನನ್ನ ಗಂಡ ವಿಕ್ಟರ್ ಮೇಜಿನಿಂದಲೇ ಕೂಗುತ್ತಿದ್ದರು.

ಜೀವ ಇರುವುದಕ್ಕೆ ಇನ್ನೂ ಹಲ್ಲು ಬಾರದ ನಮ್ಮ ಮಗಳು ರಿಯಾ. "ಮೊದಲು ಬೆಕ್ಕನ್ನು ಹಿಡಿದು ನೋಡಿದೆ" ಎಂದು ಪರಚಿದ ಗಾಯ ತೋರಿಸಿದ್ದ.

"ಇಷ್ಟೆಲ್ಲ ಕಷ್ಟ ಯಾಕೆ?" ಎಂದು ಒಮ್ಮೆ ಕೇಳಿಯೇಬಿಟ್ಟೆ. ಅಜ್ಜಿ ಚಿಕ್ಕವರಿದ್ದಾಗ ಹಾಸ್ಟೆಲ್ ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಪೆಟ್ಟು ತಿಂದಿದ್ದರಂತೆ. ಮಕ್ಕಳು ಮೊಮ್ಮಕ್ಕಳಿಗೆ ಆ ಪಾಡು ಬೇಡವೆಂದು ಇಂಗ್ಲಿಷೇ ಹಿಡಿದರು. ಫೋನಿನಲ್ಲಿ ಬೆನ್ ಚೆರೊಕೀ ಶುರುಮಾಡಿದರೆ, "ಅಲ್ಲಿ ಸೆಕೆ ಹೇಗಿದೆ?" ಎಂದು ಇಂಗ್ಲಿಷಿನಲ್ಲಿ ಮಾತು ತಿರುಗಿಸುತ್ತಿದ್ದರು. "ಅಜ್ಜಿ ಇರುವಾಗಲೇ ಆ ಮಾತಲ್ಲಿ ಒಂದು ಉತ್ತರ ಸಿಗಬೇಕು, ಅಷ್ಟೇ" ಎಂದ.

ಒಂದು ಶುಕ್ರವಾರ ಸಂಜೆ ನಮ್ಮ ಮನೆಯಿಂದಲೇ ಫೋನ್ ಮಾಡಿ ಸ್ಪೀಕರ್ ಒತ್ತಿದ. ಅಜ್ಜಿಯದು ಮಾಮೂಲಿ ಇಂಗ್ಲಿಷ್. ಅಷ್ಟರಲ್ಲಿ ರಿಯಾ ಕಿಟಾರನೆ ಕಿರುಚಿದಳು. "ಯಾರ ಮಗು ಅದು?" ಎಂದರು ಅಜ್ಜಿ. ಬೆನ್ ನನ್ನ ಕಡೆ ಎರಡೂ ಕೈ ಚಾಚಿ, ಮಗುವನ್ನು ಕೊಡು ಎಂದು ಚೆರೊಕೀಯಲ್ಲಿ ಕೇಳಿದ. ತಡವರಿಸಲೇ ಇಲ್ಲ. ನಾನು ಕೊಟ್ಟೆ.

ಕಾಲಿಂಗ್ ಕಾರ್ಡಿನ ದುಡ್ಡು ಮುಗಿದು ಫೋನ್ ಕಡಿಯಿತೇನೋ ಅಂದುಕೊಂಡೆವು. ಆಮೇಲೆ ಅಜ್ಜಿ ಏನೋ ಹೇಳತೊಡಗಿದರು. ಇಂಗ್ಲಿಷ್ ಅಲ್ಲ! ನಿಲ್ಲಿಸಲೂ ಇಲ್ಲ. ಬೆನ್ ಮಗುವನ್ನು ಅಪ್ಪಿಕೊಂಡು ಗಳಗಳ ಅಳುತ್ತಿದ್ದ. ನನಗೂ ತಡೆಯಲಾಗಲಿಲ್ಲ.

"ಏನಂದ್ರು?" ಎಂದೆ.

"ಅರ್ಧ ಗೊತ್ತಾಗಲಿಲ್ಲ. ಮಗುವನ್ನು ಸರಿಯಾಗಿ ಹಿಡಿದುಕೋ, ಪೆದ್ದ, ಅಂದದ್ದು ಗೊತ್ತಾಯಿತು."

ಆ ಬೇಸಿಗೆ ರಜೆಗೆ ಹೋದವನು ದೋಹಾಕ್ಕೆ ಮರಳಲಿಲ್ಲ, ಅಜ್ಜಿಯ ಮನೆಯಲ್ಲೇ ಉಳಿದುಬಿಟ್ಟ. ಶುಕ್ರವಾರಗಳು ಬಣಬಣ ಅನ್ನಿಸಿದವು. ವಿಕ್ಟರ್ ಕೂಡ ಬಿಸಿ ಮೀನು ಮುಂದಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ಒಮ್ಮೆ ಅಲ್ಲಿಂದ ಫೋನ್ ಮಾಡಿದ. ಅಜ್ಜಿ ಹೇಗಿದ್ದಾರೆ ಎಂದು ಕೇಳಿದೆ.

"ಬೆಳಗಾದರೆ ಬೈಯಲು ಶುರುಮಾಡುತ್ತಾರೆ" ಎಂದ, ಖುಷಿ ತಡೆಯಲಾರದೆ. "ಇಂಗ್ಲಿಷಿನಲ್ಲಿ ಒಂದು ಬೈಗುಳವೂ ಇಲ್ಲ."