ಕಾಜಾ ಅತ್ತೆಯ ವಿಶ್ರಾಂತಿ

ಬೈಂಡಿಂಗ್ ಅಂಗಡಿಯಲ್ಲಿ ಅವನನ್ನು ಎಲ್ಲರೂ ಪಂಡಿತ ಎಂದು ಕರೆಯುತ್ತಿದ್ದರು. ಗೌರವಕ್ಕಲ್ಲ. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚುವುದು ಅವನ ಕೆಲಸ. ಅವನು ಮಡಚುವ ಮೊದಲು ಓದುತ್ತಿದ್ದ. ಹೀಗೆ ಅರ್ಧಂಬರ್ಧ ಓದಿದ ಪುಸ್ತಕಗಳ ಬಲದ ಮೇಲೆ, ಜೇನು ಸಾಕುವುದರಿಂದ ಹಿಡಿದು ಆಸ್ತಿ ಭಾಗ ಮಾಡುವವರೆಗೆ ಅವನಿಗೆ ಎಲ್ಲದರಲ್ಲೂ ಒಂದು ಅಭಿಪ್ರಾಯವಿತ್ತು. ಯಾವುದರ ಕೊನೆಯ ಅಧ್ಯಾಯವೂ ಗೊತ್ತಿರಲಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ಸೋದರತ್ತೆ. ಹೆತ್ತವರು ಹೋದ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಕಸುಬು ಕಾಜಾ ಹಾಕುವುದು. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳಿದೆಯಲ್ಲ, ಅದರ ಅಂಚನ್ನು ದಾರದಿಂದ ಬಿಗಿಯಾಗಿ ಹೊಲಿದು ಕಟ್ಟುವ ಕೆಲಸ. ಅಂಗಿಯ ಕಾಲರ್ ಸವೆದು ಬಟ್ಟೆ ಪಿಸಿದುಹೋದರೂ ಅವಳ ಕಾಜಾ ಮಾತ್ರ ಹೊಸದರ ಹಾಗೇ ಇರುತ್ತಿತ್ತು. ಉಬ್ಬಸ ಅವಳನ್ನು ಹಿಡಿದು ಎಷ್ಟೋ ವರ್ಷಗಳಾಗಿದ್ದವು. ಕಾಲು ಊದಿ, ನಾಲ್ಕು ಹೆಜ್ಜೆಗೆ ಒಮ್ಮೆ ಗೋಡೆ ಹಿಡಿಯುವಂತಾಗಿತ್ತು. ಆದರೂ ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಂಚದ ಮೇಲೆ ದಿಂಬಿಗೆ ಒರಗಿ, ಬೆಳಗ್ಗೆಯಿಂದ ಬೆಳಕಿರುವವರೆಗೂ ಸೂಜಿ ಆಡಿಸುತ್ತಿದ್ದಳು. ಟೈಲರ್ ಮಾಸ್ತರು ಅಂಗಿಗಳ ಗಂಟು ತಂದು ಕಿಟಕಿಯಲ್ಲೇ ಕೊಡುವರು, ಬೈಸಿಕೊಂಡು ಹೋಗುವರು.

“ಇದೇನು ಮಾಸ್ತರೇ, ತೋಳು ಒಂದು ಉದ್ದ ಒಂದು ಗಿಡ್ಡ? ಅಂಗಿ ಮನುಷ್ಯನಿಗೋ, ಬಾಗಿದ ಮರಕ್ಕೋ?”

“ನೀವು ಕಾಜಾ ಹಾಕಿ ಅಕ್ಕಾ. ತೋಳು ನಾನು ನೋಡ್ಕೋತೀನಿ.”

“ನೋಡ್ಕೊಂಡಿದ್ದು ಕಾಣ್ತಾ ಇದೆಯಲ್ಲ.”

ಪಂಡಿತ ಮಲಗುತ್ತಿದ್ದುದು ಹಿಂದಿನ ಕೋಣೆಯಲ್ಲಿ. ಅದಕ್ಕೆ ಕಿಟಕಿ ಇರಲಿಲ್ಲ. ಬಚ್ಚಲಿಗೂ ಅದಕ್ಕೂ ಗೋಡೆ ಒಂದೇ ಆದ್ದರಿಂದ ಹಾಸಿಗೆಗೂ ತೇವ ಹತ್ತುತ್ತಿತ್ತು. ಮುಂದಿನ ಕೋಣೆಯಲ್ಲಿ ಓದಿಕೊಂಡು ಬಿದ್ದಿದ್ದರೆ ಎಷ್ಟು ಚೆನ್ನ ಎಂದು ಆಗಾಗ ಅನ್ನಿಸುವುದು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುವುದು. ನಾಚಿಕೆ ಬೇಗ ಹೋಗುವುದು.

ಹೀಗಿರುವಾಗ ಅಂಗಡಿಗೆ ಹಳೆಯ ಕಾಲದ ಒಬ್ಬ ವೈದ್ಯ ತನ್ನ ಶಿಷ್ಯರಿಗೆ ಹೇಳಿದ ಬುದ್ಧಿಮಾತುಗಳ ಪುಸ್ತಕ ಬಂತು. ಹಾಳೆಗಳೆಲ್ಲ ಅಚ್ಚಾಗಿದ್ದವು, ಮಡಚಲು ಮಾತ್ರ ಅಪ್ಪಣೆ ಇರಲಿಲ್ಲ. ಮುನ್ನುಡಿ ಬರೆಯುವ ಮಹನೀಯರು ಇನ್ನೂ ಬರೆಯುತ್ತಿದ್ದರು. ಪಂಡಿತ ಊಟದ ಬಿಡುವಿನಲ್ಲಿ ಒಂದು ಹಾಳೆ ಎಳೆದು ಓದಿದ. ಒಂದು ಪುಟದ ಕೊನೆಗೆ ಹೀಗಿತ್ತು: ‘ಬಹುಕಾಲದ ರೋಗಿಯ ವಿಷಯದಲ್ಲಿ ವೈದ್ಯನು ಮೊಟ್ಟಮೊದಲು ಮಾಡತಕ್ಕದ್ದೇನೆಂದರೆ,’ ಪಕ್ಕದ ಪುಟ ಶುರುವಾಗುತ್ತಿದ್ದುದು ಹೀಗೆ: ‘ಕೈಯಿಂದ ಸಕಲ ಕೆಲಸವನ್ನೂ ಬಿಡಿಸತಕ್ಕದ್ದು. ಬೀದಿಯ ಸದ್ದು ಬಾರದ ಕೋಣೆಯಲ್ಲಿ ಮಲಗಿಸತಕ್ಕದ್ದು. ಬಂದುಹೋಗುವವರನ್ನು ಬಾಗಿಲಲ್ಲೇ ತಡೆಯತಕ್ಕದ್ದು.’

ಮಡಚದ ಹಾಳೆಯಲ್ಲಿ ಪಕ್ಕದ ಪುಟ ಮುಂದಿನ ಪುಟವಲ್ಲ. ಮಡಚಿ ಕತ್ತರಿಸಿದ ಮೇಲೆ ಕ್ರಮಕ್ಕೆ ಬರಲೆಂದೇ ಪುಟಗಳನ್ನು ಹಿಂದುಮುಂದಾಗಿ ಅಚ್ಚು ಹಾಕಿರುತ್ತಾರೆ. ಈ ಪಾಠವನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಡುತ್ತಿದ್ದವನು ಬೇರೆ ಯಾರೂ ಅಲ್ಲ, ಪಂಡಿತನೇ. ಆ ದಿನ ಅವನ ಕಣ್ಣು ಪುಟದ ಅಂಕಿಯ ಕಡೆಗೆ ಹೋಗಲಿಲ್ಲ. ಅಥವಾ ಹೋಗಿ ಸುಮ್ಮನೆ ವಾಪಸು ಬಂತು.

ಓದಿದ್ದನ್ನು ಸಂಜೆಯೇ ಅತ್ತೆಗೆ ಒಪ್ಪಿಸಿದ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದು ಕೇಳಿದಳು.

“ಆ ವೈದ್ಯ ಈಗ ಎಲ್ಲಿದಾನೆ?”

“ಹಳೇ ಕಾಲದವನು ಅತ್ತೆ. ಸತ್ತು ಶತಮಾನಗಳೇ ಆಗಿವೆ.”

“ಹಾಗಾದ್ರೆ ಅವನ ಔಷಧಿ ಅವನಿಗೇ ನಾಟಿಲ್ಲ.”

“ತಮಾಷೆ ಬೇಡ. ನೀನು ಇಷ್ಟು ವರ್ಷ ವಿಶ್ರಾಂತಿ ತಗೊಂಡಿಲ್ಲ, ಅದಕ್ಕೇ ವಾಸಿಯಾಗಿಲ್ಲ. ಹಿಂದಿನ ಕೋಣೆಯಲ್ಲಿ ಸದ್ದೇ ಇಲ್ಲ.”

“ಗಾಳಿಯೂ ಇಲ್ಲ ಕಣೋ.”

“ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಅತ್ತೆ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಿಟಕಿಯನ್ನು ನೋಡಿದಳು. “ನಿನಗೆ ಈ ಕೋಣೆ ಬೇಕು ಅಂದ್ರೆ ಬೇಕು ಅನ್ನು. ಸತ್ತವನನ್ನ ಯಾಕೆ ಮಧ್ಯ ತರ್ತೀಯಾ?” ಎಂದಳು. ಅವನು ತುಂಬ ನೊಂದುಕೊಂಡ. ಇಡೀ ಸಂಜೆ ಮಾತು ಬಿಟ್ಟು ನೊಂದುಕೊಂಡ. ಬೆಳಗ್ಗೆ ಅತ್ತೆಯೇ ಸೋತು, ಸೂಜಿ, ದಾರದ ಉಂಡೆ, ಚಿಕ್ಕ ಕತ್ತರಿ ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಅಟ್ಟದ ಮೇಲಿಟ್ಟು, ಮಂಚವನ್ನು ಹಿಂದಿನ ಕೋಣೆಗೆ ಎಳೆದ. ಗಂಟು ಹಿಡಿದು ಬಂದ ಮಾಸ್ತರಿಗೆ ಬಾಗಿಲಲ್ಲೇ ಹೇಳಿದ: “ಅತ್ತೆಗೆ ವಿಶ್ರಾಂತಿ ಬೇಕು. ಇನ್ನು ಬರಬೇಡಿ.”

“ಅಕ್ಕನೇ ಹೇಳಿದ್ರಾ?”

“ವೈದ್ಯರು ಹೇಳಿದಾರೆ.”

ಮಾಸ್ತರು ಒಳಗೆ ಇಣುಕಿ ನೋಡಿದರು. ಬೈಗುಳ ಏನೂ ಕೇಳಿಸದೆ, ಗಂಟು ಎತ್ತಿಕೊಂಡು ಹೋದರು.

ಪಂಡಿತನಿಗೆ ಮುಂದಿನ ಕೋಣೆ ಚೆನ್ನಾಗಿ ಒಗ್ಗಿತು. ಅತ್ತೆಗೆ ವಿಶ್ರಾಂತಿ ಒಗ್ಗಲಿಲ್ಲ. ಮೊದಮೊದಲು ಹೊದಿಕೆಯ ಅಂಚನ್ನು ಬೆರಳಲ್ಲಿ ಹೊಲಿಯುವಂತೆ ಮಾಡುತ್ತಿದ್ದಳು, ಆಮೇಲೆ ಅದೂ ನಿಂತಿತು. ಊಟ ಅರ್ಧವಾಯಿತು, ಉಸಿರು ಅರ್ಧವಾಯಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಬಾಯಿ ನಿಂತುಹೋಯಿತು. ಅವನು ಮಾಡಿದ ಅನ್ನ ತಳ ಹತ್ತಿದ್ದರೂ ಬೈಯಲಿಲ್ಲ. “ಔಷಧಿ ಮೈಗೆ ಹತ್ತೋದಕ್ಕೆ ಮುಂಚೆ ಹೀಗೇ ಆಗುತ್ತೆ” ಎಂದು ಅವನು ಅಂಗಡಿಯಲ್ಲಿ ಹೇಳಿಕೊಂಡ. ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಕೊನೆಗೂ ಮುನ್ನುಡಿ ಬಂತು. ಅಂಗಡಿಯ ಮೇಸ್ತ್ರಿ ಹಾಳೆಗಳ ರಾಶಿಯನ್ನು ಅವನ ಮುಂದೆ ತಳ್ಳಿದರು. “ಮಡಚು ಪಂಡಿತಾ. ಓದೋದು ಕಮ್ಮಿ, ಮಡಚೋದು ಜಾಸ್ತಿ.”

ಮಡಚಿದ. ಅಂಚು ಕತ್ತರಿಸಿ, ಅಭ್ಯಾಸಬಲದಿಂದ ಆ ಪುಟವನ್ನೇ ತೆರೆದ. ‘ಮೊಟ್ಟಮೊದಲು ಮಾಡತಕ್ಕದ್ದೇನೆಂದರೆ,’ ಪುಟ ತಿರುವಿದ. ‘ಯಾವ ಕೆಲಸದಿಂದ ತಾನಿನ್ನೂ ನಾಲ್ಕು ಜನಕ್ಕೆ ಬೇಕಾದವನೆಂದು ರೋಗಿಯು ನಂಬಿರುವನೋ ಅದನ್ನು ವಿಚಾರಿಸಿ ತಿಳಿಯುವುದು. ಅದನ್ನು ಅವನ ಕೈಯಿಂದ ಕಸಿಯಕೂಡದು. ರೋಗವು ಹೋಗದಿದ್ದರೂ ರೋಗಿಯು ಉಳಿಯುವನು.’ ಸಕಲ ಕೆಲಸವನ್ನೂ ಬಿಡಿಸತಕ್ಕದ್ದು ಎಂಬ ಮಾತು ಬೇರೆ ಅಧ್ಯಾಯದಲ್ಲಿತ್ತು. ಜ್ವರ ಏರಿರುವ ಹೊಸ ರೋಗಿಗೆ, ಅದೂ ಜ್ವರ ಇಳಿಯುವವರೆಗೆ ಮಾತ್ರ.

ಅವನು ನೇರವಾಗಿ ಟೈಲರ್ ಅಂಗಡಿಗೆ ಹೋದ. ಮಾಸ್ತರು ತಲೆ ಎತ್ತಲಿಲ್ಲ.

“ಕಾಜಾಗೆ ಮಿಷನ್ ಬಂದಿದೆಯಪ್ಪ. ಅಕ್ಕನ ಕೈಗೆ ಸಮ ಅಲ್ಲ. ಆದ್ರೆ ಮಿಷನ್ನನ್ನ ಯಾರೂ ಬಾಗಿಲಲ್ಲಿ ತಡೆಯಲ್ಲ.”

“ಒಂದೇ ಒಂದು ಅಂಗಿ ಕೊಡಿ ಮಾಸ್ತರೇ.”

“ಸುಮ್ಮನೆ ಕೊಟ್ಟಿದ್ದು ಅಂತ ಅಕ್ಕನಿಗೆ ಮುಟ್ಟಿದ ಕೂಡಲೇ ಗೊತ್ತಾಗುತ್ತೆ. ಆ ಅವಮಾನ ನಾನು ಮಾಡಲ್ಲ. ನೀನೂ ಮಾಡಬೇಡ.”

ಮನೆಗೆ ಬಂದು ಮಂಚವನ್ನು ಮತ್ತೆ ಕಿಟಕಿಯ ಪಕ್ಕಕ್ಕೆ ಎಳೆದ. ಅತ್ತೆ ಬೆಳಕಿಗೆ ಕಣ್ಣು ಮುಚ್ಚಿಕೊಂಡಳು. ಅಟ್ಟದಿಂದ ಡಬ್ಬಿ ಇಳಿಸಿ ಅವಳ ಪಕ್ಕದಲ್ಲಿಟ್ಟ. ಆಮೇಲೆ ತನ್ನ ಟ್ರಂಕು ತೆರೆದು ಅಂಗಿಗಳನ್ನೆಲ್ಲ ನೆಲಕ್ಕೆ ಸುರಿದ. ಒಂದಾದರೂ ಕಾಜಾ ಬಿಚ್ಚಿರಬೇಕಲ್ಲ, ಹೊಲಿದುಕೊಡು ಎಂದು ನಿಜವಾಗಿ ಕೇಳಬಹುದಲ್ಲ. ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿಯವರೆಗೂ ಹುಡುಕಿದ. ಕಾಲರ್ ಹರಿದಿತ್ತು, ಕಂಕುಳು ಪಿಸಿದಿತ್ತು. ಒಂದು ಕಾಜಾದ ಒಂದು ಎಳೆಯೂ ಎದ್ದಿರಲಿಲ್ಲ.

ಡಬ್ಬಿಯಿಂದ ಚಿಕ್ಕ ಕತ್ತರಿ ತೆಗೆದು, ಒಂದು ಅಂಗಿಯ ಕಾಜಾ ಹಿಡಿದು, ಅವಳಿಗೆ ಬೆನ್ನು ಹಾಕಿ ಕುಳಿತ.

“ಕತ್ತರಿ ಕೆಳಗಿಡು” ಎಂದಳು ಅತ್ತೆ, ಕಣ್ಣು ಬಿಡದೆ. ಎಷ್ಟೋ ದಿನದ ಮೇಲೆ ಬಂದ ಮಾತಿಗೆ ಉಸಿರು ಸಾಲದೆ ಸ್ವಲ್ಪ ತಡೆದಳು. “ಚೆನ್ನಾಗಿರೋ ಕೆಲಸ ಹಾಳು ಮಾಡಬೇಡ. ಒಂದು ಸಲ ಮಾಡಿದ್ದು ಸಾಕು.”