ಇನ್ನೂ ಬರಬೇಕಾದ ಕುರಿಗಳು

ಕೊರೊನಾ ಕಾಟ ಮುಗಿದು ಶಾಲೆಗಳ ಬೀಗ ತೆಗೆದ ವರ್ಷ. ನಾನಾಗ ಮೊಳಕಾಲ್ಮುರು ತಾಲ್ಲೂಕಿನಲ್ಲಿ ವಿಶೇಷ ಸಂಪನ್ಮೂಲ ಶಿಕ್ಷಕಿಯಾಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಸರಳ: ಅಂಗವೈಕಲ್ಯದಿಂದ ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಶಾಲೆಯನ್ನೇ ಹೊತ್ತುಕೊಂಡು ಹೋಗುವುದು. ಇಲಾಖೆಯ ಮಾತಿನಲ್ಲಿ ಇದು ಗೃಹಾಧಾರಿತ ಶಿಕ್ಷಣ. ಮಗುವಿನ ಹೆಸರು ಶಾಲೆಯ ಹಾಜರಿಯಲ್ಲಿರುತ್ತದೆ, ಮಗು ಮನೆಯಲ್ಲಿರುತ್ತದೆ, ನಡುವೆ ಬಸ್ಸಿನಲ್ಲಿ ನಾನಿರುತ್ತೇನೆ. ಚಳ್ಳಕೆರೆಯ ಮನೆಯಿಂದ ಬೆಳಿಗ್ಗೆ ಬಳ್ಳಾರಿ ಬಸ್ಸು ಹತ್ತಿ ರಾಂಪುರದಲ್ಲಿ ಇಳಿದರೆ ಮುಂದೆ ಆಟೊ. ನನ್ನ ಎರಡು ದೊಡ್ಡ ಚೀಲಗಳನ್ನು ನೋಡಿ ಆ ಬಸ್ಸಿನ ಕಂಡಕ್ಟರು ಬಹಳ ದಿನ ನನ್ನನ್ನು ಮೊಳಕಾಲ್ಮುರು ಸೀರೆ ಮಾರುವವಳೆಂದೇ ತಿಳಿದಿದ್ದ. ನಾನೂ ತಿದ್ದಲು ಹೋಗಲಿಲ್ಲ. ಆ ಗೌರವಕ್ಕೆ ಸೀಟು ಸಿಗುತ್ತಿತ್ತು.

ದೇವಸಮುದ್ರದ ಹತ್ತಿರದ ಒಂದು ಕುರಿಗಾಹಿಗಳ ಹಟ್ಟಿಯಲ್ಲಿ ನನಗೆ ರಂಜಿತಾ ಸಿಕ್ಕಿದ್ದು ಆ ವರ್ಷವೇ. ಎಂಟು ವರ್ಷದ ಹುಡುಗಿ, ಹೆಸರಿಗೆ ಮೂರನೇ ತರಗತಿ. ಅವಳಿಗೆ ಇದ್ದದ್ದು ಸೆರೆಬ್ರಲ್ ಪಾಲ್ಸಿ. ಅಂದರೆ ಮೆದುಳು ಕೊಡುವ ಅಪ್ಪಣೆ ಸ್ನಾಯುಗಳಿಗೆ ಸರಿಯಾಗಿ ತಲುಪುವುದಿಲ್ಲ. ಕಾಲುಗಳು ಬಿಗಿ, ಬಲಗೈ ನಿಧಾನ, ಮಾತು ಇನ್ನೂ ನಿಧಾನ. ಆದರೆ ಬುದ್ಧಿ ಮಾತ್ರ ಚುರುಕು, ತುಂಟತನ ಅದಕ್ಕಿಂತ ಚುರುಕು. ಶಾಲೆ ಅವಳ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಬೆಳಿಗ್ಗೆ ಬಾಗಿಲಲ್ಲಿ ಕೂತು ಹಾಜರಿ ಕೂಗುವುದನ್ನು ಕೇಳುತ್ತಿದ್ದಳು. ಮೊದಲ ದಿನವೇ ನನಗೆ ಅವಳ ಆಸೆ ಹೇಳಿದಳು.

“ಎಸ್ ಮಿಸ್ ಅನ್ಬೇಕು ಟೀಚರ್. ಕಲ್ತೀನಿ.”

ಆ ಎರಡು ಪದ ಹೇಳಲು ಅವಳು ಪಟ್ಟ ಕಷ್ಟ ನೋಡಿ ನನಗೆ ಕಣ್ಣು ತುಂಬಿತು. ಮುಂದಿನ ಜೂನ್‌ಗೆ ಇವಳು ನಾಲ್ಕನೇ ತರಗತಿಯಲ್ಲಿ ಕೂರಬೇಕು ಎಂದು ಅವತ್ತೇ ನಿಶ್ಚಯಿಸಿಕೊಂಡೆ.

ಅಡ್ಡಿಯಿದ್ದದ್ದು ಅವಳ ಅಜ್ಜಿ ಓಬಜ್ಜಿಯ ಮನಸ್ಸಿನಲ್ಲಿ. ಅಪ್ಪ ವರ್ಷದ ಅರ್ಧ ಭಾಗ ಕುರಿ ಹೊಡೆದುಕೊಂಡು ಬಳ್ಳಾರಿ ಕಡೆಯ ಗದ್ದೆ ಬಯಲಿನಲ್ಲಿರುತ್ತಿದ್ದ. ಅವ್ವ ತಿಪ್ಪಮ್ಮ ಕೂಲಿಗೆ ಹೋಗುತ್ತಿದ್ದಳು. ಮನೆಯ ಯಜಮಾನಿಕೆ ಅಜ್ಜಿಯದು. “ಅಲ್ಲಿ ಹುಡುಗ್ರು ನಗ್ತಾರ್ರಿ ಟೀಚರಮ್ಮ. ನಮ್ ಕೂಸು ಮನ್ಯಾಗೇ ಇರ್ಲಿ. ನೀವು ಬಂದು ಹೇಳ್ಕೊಡ್ತೀರಾ? ಹೇಳ್ಕೊಡ್ರಿ. ಸಾಲಿಗೆ ಕಳ್ಸಾದು ಆಮ್ಯಾಲೆ ನೋಡಾನ” ಎಂದಳು. ಮಗುವನ್ನು ಬೇಡ ಎನ್ನಲು ಯಾವ ಶಾಲೆಗೂ ಕಾನೂನಿನಲ್ಲಿ ಅವಕಾಶವಿಲ್ಲ. ಆದರೆ ಅಜ್ಜಿಯರಿಗೆ ಅನ್ವಯಿಸುವ ಕಾನೂನನ್ನು ಯಾವ ಸರ್ಕಾರವೂ ಇನ್ನೂ ಮಾಡಿಲ್ಲ.

ಏನು ಕಲಿಸಬೇಕು ಎಂಬುದು ಮುಂದಿನ ಪ್ರಶ್ನೆ. ಇಲಾಖೆಯ ಪಠ್ಯಪುಸ್ತಕ ಇತ್ತು, ನಲಿಕಲಿ ಕಾರ್ಡುಗಳಿದ್ದವು. ಜೊತೆಗೆ ಚಳ್ಳಕೆರೆಯ ಪರಿಚಯದವರೊಬ್ಬರು ಒಂದು ದೊಡ್ಡ ಪೆಟ್ಟಿಗೆ ಕೊಟ್ಟಿದ್ದರು. ಅವರ ನೆಂಟರ ಮಗು ಮನೆಯಲ್ಲೇ ಓದಿತ್ತಂತೆ. ಅದಕ್ಕಾಗಿ ತರಿಸಿದ್ದ ಹೋಮ್‌ಸ್ಕೂಲ್ ಕಿಟ್. ಹೊಳೆಯುವ ಪುಟಗಳು, ಬಣ್ಣದ ಬಿಲ್ಲೆಗಳು. ಅದನ್ನು ರಾಂಪುರದವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ, ಮದುವಣಗಿತ್ತಿಯ ಪೆಟ್ಟಿಗೆ ಕಾದಂತೆ. ಮೊದಲ ಪುಟದಲ್ಲೇ ಸ್ಟ್ರಾಬೆರಿಗಳನ್ನು ಎಣಿಸಬೇಕಿತ್ತು.

“ಟೊಮೇಟೊಗೆ ಎಳ್ಳು ಯಾಕೆ ಅಂಟ್ಸ್ಯಾರೆ ಟೀಚರ್?” ಎಂದಳು ರಂಜಿತಾ.

ಎರಡನೇ ಪುಟದಲ್ಲಿ ಮಂಜುಗಡ್ಡೆಯ ಮನುಷ್ಯ, ಮೂಗಿಗೆ ಗಜ್ಜರಿ. ಓಬಜ್ಜಿ ಬಗ್ಗಿ ನೋಡಿ, “ಈ ಯಪ್ಪನ ಮೂಗಿಗೆ ಏನಾಗೈತೆ?” ಎಂದಳು. ಅಜ್ಜಿ ಮೊಮ್ಮಗಳು ನಕ್ಕಿದ್ದೇ ನಕ್ಕಿದ್ದು. ಆ ಕಿಟ್‌ನಲ್ಲಿ ಕೊನೆಗೆ ಬಳಕೆಗೆ ಬಂದದ್ದು ಪೆಟ್ಟಿಗೆ ಮಾತ್ರ. ರಂಜಿತಾ ಕಾಲು ಚಾಚಿದಾಗ ಅದೇ ಆನಿಕೆಯಾಯಿತು.

ಇಂಥ ಮಕ್ಕಳಿಗೆ ನಾವು ಐಇಪಿ, ಅಂದರೆ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುತ್ತೇವೆ. ತಲುಪಬೇಕಾದ ಊರು ಎಲ್ಲ ಮಕ್ಕಳಿಗೂ ಒಂದೇ, ಹೋಗುವ ದಾರಿ ಬೇರೆ. ಪಠ್ಯಕ್ರಮವನ್ನು ಹೊಂದಿಸುವುದು ಎಂದರೆ ಇಷ್ಟೇ. ಮೂರನೇ ತರಗತಿಯ ಪುಸ್ತಕದಿಂದ ಕೂಡುವುದು, ಕಳೆಯುವುದು, ಸಣ್ಣ ವಾಕ್ಯ ಓದುವುದು, ಗಡಿಯಾರ ನೋಡುವುದು ಇಟ್ಟುಕೊಂಡೆ. ಕಾಪಿ ಬರೆಯುವುದನ್ನು ಕೈಬಿಟ್ಟೆ. ಅವಳ ಬೆರಳಿಗೆ ಪೆನ್ಸಿಲು ನಿಲ್ಲುತ್ತಿರಲಿಲ್ಲ, ಸೀಮೆಸುಣ್ಣಕ್ಕೆ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿದರೆ ನಿಲ್ಲುತ್ತಿತ್ತು. ಕುರ್ಚಿಯಲ್ಲಿ ಜಾರುತ್ತಿದ್ದಳು, ಗೋಡೆಯ ಮೂಲೆಯಲ್ಲಿ ಚಳ್ಳಕೆರೆ ಕಂಬಳಿ ಮಡಚಿ ಹಾಕಿ ಕೂರಿಸಿದರೆ ಜಾರುತ್ತಿರಲಿಲ್ಲ. ಕಂಬಳಿ ಚುಚ್ಚುತ್ತದೆ ಎಂದು ದೂರುತ್ತಿದ್ದಳು, ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಹಾಗಾಗಿ ಒಕಟಿ, ರೆಂಡು, ಮೂಡು ಎಂದು ಶುರು ಮಾಡಿ ಒಂದು, ಎರಡು, ಮೂರಕ್ಕೆ ಬಂದೆವು.

ಎಣಿಕೆಗೆ ಮೊದಲು ಶೇಂಗಾ ಇಟ್ಟೆ. ಎಂಟಕ್ಕೆ ಐದು ಕೂಡಿಸಿದರೆ ಹನ್ನೊಂದೇ ಬರುತ್ತಿತ್ತು. ಉಳಿದ ಎರಡು ಅವಳ ಬಾಯಲ್ಲಿರುತ್ತಿದ್ದವು. ಆಗ ನನಗೆ ಒಂದು ಉಪಾಯ ಹೊಳೆಯಿತು. ಉಣ್ಣೆಯ ಉಂಡೆ ಕಟ್ಟಿ, ಬೆಂಕಿಕಡ್ಡಿಯ ಕಾಲು ಚುಚ್ಚಿ ಸಣ್ಣ ಸಣ್ಣ ಕುರಿಗಳನ್ನು ಮಾಡಿಕೊಂಡು ಹೋದೆ. ರಂಜಿತಾ ಕುಣಿಯಲಾರಳು, ಆದರೆ ಅವತ್ತು ಅವಳ ಮುಖ ಕುಣಿಯಿತು. ಒಂದೊಂದಕ್ಕೂ ಹೆಸರಿಟ್ಟಳು: ಕೆಂಚಿ, ಬೋರಿ, ಹಂಡಿ. ದಾರಿಯಲ್ಲಿ ಕಾಲು ಮುರಿದುಕೊಂಡಿದ್ದ ಒಂದಕ್ಕೆ ಕುಂಟಿ ಎಂದು ಹೆಸರು. ಅದೇ ಅವಳ ಮುದ್ದಿನದು. ವಾರ ವಾರಕ್ಕೆ ಕೂಡುವುದು ನೀರು ಕುಡಿದಷ್ಟು ಸಲೀಸಾಯಿತು. ಸ್ಥಳೀಯ ಸಾಮಗ್ರಿ ಬಳಸಿ ಎಂದು ತರಬೇತಿಗಳಲ್ಲಿ ಬಡಿದುಕೊಳ್ಳುತ್ತಾರಲ್ಲ, ಅದರ ಆದರ್ಶ ಮಾದರಿ ನಾನೇ ಎಂದು ಬೀಗಿದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಕಳೆಯುವ ಲೆಕ್ಕ ಶುರು ಮಾಡಿದ ದಿನ ಹತ್ತು ಕುರಿ ಸಾಲಾಗಿ ನಿಲ್ಲಿಸಿ, ಮೂರನ್ನು ನನ್ನ ಚೀಲಕ್ಕೆ ಹಾಕಿ, ದೊಡ್ಡ ದನಿಯಲ್ಲಿ ಹೇಳಿದೆ: “ನಿಮ್ಮ ಮನೇಲಿ ಹತ್ತು ಕುರಿ ಇದ್ದವು. ಮೂರು ಹೋದವು. ಉಳಿದವೆಷ್ಟು?”

“ವದ್ದಮ್ಮಾ, ಬ್ಯಾಡಮ್ಮಾ!” ಎಂದು ಕಿರುಚಿದಂತಾಯಿತು. ಓಬಜ್ಜಿ ಕೈಯಲ್ಲಿದ್ದ ಮೊರ ಬಿಟ್ಟು ಓಡಿಬಂದಿದ್ದಳು. “ಯಾಕ್ರಿ ಟೀಚರಮ್ಮ, ಉಣ್ಣಾಕೆ ಕೊಟ್ಟ ಮನೀಗೆ ಹಿಂಗ್ ಅಂತೀರಿ? ಮಗ ಕುರಿ ಹೊಡ್ಕಂಡು ದಾರ್‍ಯಾಗೆ ಅವ್ನೆ. ಕುರಿ ಹೋದ್ವು ಅಂತ ಬಾಯ್ ಬಿಟ್ಟು ಅಂತಾರೇನ್ರಿ?”

ಆಮೇಲೆ ತಿಪ್ಪಮ್ಮ ಬಿಡಿಸಿ ಹೇಳಿದಳು. ಆ ಮನೆಯಲ್ಲಿ ಹಿರಿಯರಿಂದ ಬಂದ ಕಟ್ಟು: ಮಂದೆಯ ಕುರಿ ಎಷ್ಟೆಂದು ಬಾಯಿಬಿಟ್ಟು ಎಣಿಸುವುದಿಲ್ಲ, ಕುರಿ ಹೋಯಿತು, ಕಡಿಮೆಯಾಯಿತು ಎಂಬ ಮಾತನ್ನಂತೂ ಮಂದೆ ಹೊರಗಿರುವಾಗ ಆಡುವುದೇ ಇಲ್ಲ. ನಾನು ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿದ್ದೆ. ಓಬಜ್ಜಿ ಉಣ್ಣೆ ಕುರಿಗಳನ್ನೆಲ್ಲ ಸೆರಗಿಗೆ ಹಾಕಿಕೊಂಡು ಒಳಗೆ ಹೋದಳು.

ಅಷ್ಟಕ್ಕೇ ನಿಂತಿದ್ದರೆ ಕ್ಷಮೆ ಕೇಳಿ ಸರಿಮಾಡಿಕೊಳ್ಳಬಹುದಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಆ ಸಂಜೆಯೇ ಬಳ್ಳಾರಿ ಕಡೆಯಿಂದ ಮಗನ ಫೋನು ಬಂತು: ಒಂದು ಕುರಿ ಕಾಣುತ್ತಿಲ್ಲ. ಮರುದಿನ ತಿಪ್ಪಮ್ಮ ನನಗೆ ಫೋನು ಮಾಡಿ, “ಅತ್ತೆ ಬರ್ಬ್ಯಾಡ ಅಂತಾರೆ ಮೇಡಂ. ಟೀಚರಮ್ಮ ಮೂರು ಅಂದಿದ್ರು, ದೇವ್ರು ದೊಡ್ಡೋನು, ಎರಡು ಉಳಿಸ್ದ ಅಂತಾರೆ” ಎಂದಳು. ನಗು ಬಂತು, ಹಿಂದೆಯೇ ಜೂನ್ ನೆನಪಾಯಿತು. ಬಾಗಿಲು ಮುಚ್ಚಿದರೆ ಪಾಠವಿಲ್ಲ; ಪಾಠವಿಲ್ಲದಿದ್ದರೆ ಜೂನ್ ಬಂದರೂ ರಂಜಿತಾ ಅದೇ ಬಾಗಿಲಲ್ಲೇ ಕೂತು ಬೇರೆಯವರ ಹಾಜರಿ ಕೇಳುತ್ತಿರಬೇಕು.

ಮುಂದಿನ ವಾರ ಕರೆಯದಿದ್ದರೂ ಹೋದೆ. ಓಬಜ್ಜಿ ಕುಂದ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ನನ್ನ ಉಣ್ಣೆ ಕುರಿಗಳು ದೇವರ ಗೂಡಿನಲ್ಲಿ ದೀಪದ ಮುಂದೆ ವಿಭೂತಿ ಹಚ್ಚಿಸಿಕೊಂಡು ಸಾಲಾಗಿ ನಿಂತಿದ್ದವು. ತಪ್ಪಾಯಿತು, ಇನ್ನು ಗೋಲಿ ಇಟ್ಟು ಕಲಿಸುತ್ತೇನೆ ಎಂದೆ. ಮೂಲೆಯಿಂದ ರಂಜಿತಾ ತಲೆ ಅಲ್ಲಾಡಿಸಿದಳು. ಅವಳು ಮಾತು ಕೂಡಿಸುವವರೆಗೆ ನಾವಿಬ್ಬರೂ ಕಾದೆವು.

“ಅಜ್ಜೀ, ಕುರಿ ಊರಾಗಿದ್ದಾಗ ಸಂಜಿಗೆ ರೊಪ್ಪದ ಬಾಗ್ಲಾಗೆ ನಿಂತ್ಕಂಡು ನೀನೇನಂತೀಯಾ? ಇನ್ನ ಯಾವ್ಯಾವು ಬರ್ಬೇಕು ಅಂತೀಯಲ್ಲ? ನಾನೂ ಹಂಗೇ ಅಂತೀನಿ. ಹೋದ್ವು ಅನ್ನಲ್ಲ.” ಉಸಿರು ತೆಗೆದುಕೊಂಡು ಗೂಡಿನ ಕಡೆ ಕೈ ಮಾಡಿದಳು. “ಹತ್ತು ಕುರಿ ಅವೆ. ಏಳು ರೊಪ್ಪಕ್ಕೆ ಬಂದಾವೆ. ಬರ್ಬೇಕಾದ್ದು ಮೂರು.”

ಏಳರಿಂದ ಹತ್ತರವರೆಗೆ ಮುಂದಕ್ಕೆ ಎಣಿಸಿ ವ್ಯತ್ಯಾಸ ಕಂಡುಹಿಡಿಯುವುದು ಕಳೆಯುವ ಲೆಕ್ಕದ ಒಳ್ಳೆಯ ದಾರಿಗಳಲ್ಲೊಂದು. ತರಬೇತಿಯಲ್ಲಿ ನಾನೂ ಅದನ್ನು ಕೇಳಿದ್ದೆ, ಆದರೆ ಈ ಮನೆಗೆ ಅದೇ ಸರಿ ಎಂದು ಹೊಳೆದದ್ದು ಅವಳಿಗೆ. ಓಬಜ್ಜಿ ಗೂಡಿನ ಕುರಿಗಳ ಕಡೆ ನೋಡಿದಳು. “ಬರಾದು ಕೇಳಿದ್ರೆ ತಪ್ಪೇನೈತೆ?” ಎಂದು ತನಗೆ ತಾನೇ ಅಂದುಕೊಂಡಳು. ಆಮೇಲೆ ನನಗೆ ತೀರ್ಪು ಕೊಟ್ಟಳು: “ಇವು ಉಣ್ಣೆ ಕುರಿ, ಎಣಿಸ್ಕಳ್ರಿ. ಮಂದ್ಯಾಗಿನ ಕುರಿ ತಂಟೆಗೆ ಬರ್ಬ್ಯಾಡ್ರಿ.” ಕುರಿಗಳು ಗೂಡಿನಿಂದ ಕೆಳಗಿಳಿದವು, ವಿಭೂತಿ ಸಮೇತ.

ಇನ್ನೂ ಸ್ವಾರಸ್ಯ ಮುಂದಿದೆ. ಕಾಣೆಯಾಗಿದ್ದ ಕುರಿ ಪಕ್ಕದ ಗದ್ದೆಯಲ್ಲಿ ಬೀಡುಬಿಟ್ಟಿದ್ದ ಬೇರೊಬ್ಬರ ಮಂದೆಯಲ್ಲಿ ಸೇರಿಕೊಂಡಿತ್ತು. ಕೆಲವೇ ದಿನಗಳಲ್ಲಿ ಸಿಕ್ಕಿತು. ಹೋಗಲು ನಾನು ಕಾರಣವಾದರೆ ಬರಲು ರಂಜಿತಾ ಕಾರಣ ತಾನೆ? “ಬರ್ಬೇಕು ಅಂದ್ಲು, ಬಂತು ನೋಡ್ರಿ” ಎಂದು ಓಬಜ್ಜಿ ಹಟ್ಟಿಯೆಲ್ಲ ಸಾರಿದಳು. ಅಲ್ಲಿಂದ ಮುಂದೆ ನಾನು ಆಟೊ ಇಳಿಯುವ ಮೊದಲೇ ಕಂಬಳಿ ಮಡಚಿ ಹಾಸಿರುತ್ತಿತ್ತು. ಇಡೀ ಯೋಜನೆಯನ್ನು ನಾನು ಆ ಒಂದು ಮಾತಿನ ಮೇಲೆ ತಿರುಗಿ ಕಟ್ಟಿದೆ. ರಾಂಪುರದ ಬಸ್ಸು ಬರಲು ಇನ್ನೆಷ್ಟು ಹೊತ್ತು ಎನ್ನುತ್ತ ಗಡಿಯಾರ ಕಲಿತಳು. ಈ ಪುಟ ಮುಗಿಯಲು ಇನ್ನೆಷ್ಟು ಸಾಲು ಬರಬೇಕು ಎನ್ನುತ್ತ ಓದಲು ಕಲಿತಳು.

ಬೇಸಿಗೆಯ ಹೊತ್ತಿಗೆ ಮೊಳಕಾಲ್ಮುರಿನಲ್ಲಿ ಮೌಲ್ಯಾಂಕನ ಶಿಬಿರ. ಮಕ್ಕಳ ದೇಹಸ್ಥಿತಿ, ಕಲಿಕೆ ಎರಡನ್ನೂ ನೋಡಿ ಗಾಲಿಕುರ್ಚಿಯಂಥ ಸಲಕರಣೆ ಕೊಡಿಸುತ್ತಾರೆ. ಶಾಲೆಗೆ ಹೋಗಬಹುದೋ, ಇನ್ನೊಂದು ವರ್ಷ ಮನೆಯಲ್ಲೇ ಕಲಿಯಬೇಕೋ ಎಂದು ಸಲಹೆ ಬರೆಯುತ್ತಾರೆ. ತಿಪ್ಪಮ್ಮ ಮಗಳನ್ನು ಎತ್ತಿಕೊಂಡು ಬಂದಿದ್ದಳು. “ಸುಮ್ನೆ ನೋಡಾಕೆ” ಎಂದು ಓಬಜ್ಜಿಯೂ ಹೊರಟಿದ್ದಳು. ಅವರು ಇನ್ನೊಂದು ವರ್ಷ ಮನೆಯಲ್ಲೇ ಎಂದು ಬರೆದುಬಿಟ್ಟರೆ ಅಜ್ಜಿಗೆ ಅಷ್ಟೇ ಸಾಕಿತ್ತು. ಮೇಜಿನ ಹಿಂದಿದ್ದ ತಜ್ಞರು ಒಳ್ಳೆಯವರೇ, ಆದರೆ ನಮ್ಮ ಹಿಂದೆ ಉದ್ದನೆಯ ಸಾಲಿತ್ತು.

“ಹನ್ನೆರಡರಲ್ಲಿ ಐದು ಕಳೆದರೆ ಎಷ್ಟು ಪುಟ್ಟಿ?”

ರಂಜಿತಾ ಅಜ್ಜಿಯ ಮುಖ ನೋಡಿದಳು. ಅವರು ಮತ್ತೊಮ್ಮೆ ಕೇಳಿದರು. ಅವಳು ತುಟಿ ಬಿಗಿದಳು. ಅವಳಿಗೆ ಬಾರದೆ ಅಲ್ಲ, ಮನೆಯಲ್ಲಿ ಆಡಬಾರದ ಮಾತನ್ನು ಇಲ್ಲಿ ಹೇಗೆ ಆಡುವುದು ಎಂದು. ತಜ್ಞರು ಪೆನ್ನು ಎತ್ತಿಕೊಂಡರು. ಬಾಯಿ ಹಾಕೋಣವೆಂದರೆ ಶಿಕ್ಷಕರು ಮಧ್ಯೆ ಮಾತಾಡುವಂತಿಲ್ಲ.

ಮಾತಾಡಿದ್ದು ಓಬಜ್ಜಿ. “ಹಂಗ್ ಕೇಳ್ಬ್ಯಾಡ್ರಿ ಸಾಮಿ. ಹನ್ನೆರಡ್ರಾಗೆ ಐದು ಬಂದಾವೆ, ಇನ್ನ ಬರ್ಬೇಕಾದ್ದು ಎಷ್ಟು ಅಂತ ಕೇಳ್ರಿ. ನಮ್ ಕೂಸಿಗೆ ಎಲ್ಲಾ ಬರ್ತೈತೆ.”

ತಜ್ಞರು ನಕ್ಕು ಹಾಗೆಯೇ ಕೇಳಿದರು. ಅವರ ಮಾತು ಮುಗಿಯುವ ಮೊದಲೇ ರಂಜಿತಾ “ಏಳು” ಎಂದಳು. ಸ್ವಲ್ಪ ತಡೆದು ಸೇರಿಸಿದಳು: “ಅದ್ರಾಗೆ ಒಂದು ಕುಂಟಿ. ನಿಧಾನ ಬರ್ತೈತೆ ಸಾರ್. ಬರ್ತೈತೆ.”

ಅವರು ಪೆನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು. ಆಮೇಲೆ, ಶಾಲೆಗೆ ಕಳಿಸಬಹುದು ಎಂದು ಬರೆದರು. ಬಸ್ಸಿನಲ್ಲಿ ವಾಪಸು ಬರುವಾಗ ಓಬಜ್ಜಿ ಕಿಟಕಿಯಾಚೆ ನೋಡುತ್ತ, “ಅಷ್ಟು ದೊಡ್ಡ ಮನುಷ್ಯರೇ ನಗ್ಲಿಲ್ಲ. ಹುಡುಗ್ರು ಏನ್ ನಗ್ತಾವೆ ಬಿಡ್ರಿ” ಎಂದಳು. ಆ ಮಾತಿಗೆ ನಾನು ಒಂದು ವರ್ಷ ಕಾದಿದ್ದೆ.

ಈಗ ನಿವೃತ್ತಿಯಾಗಿದೆ. ಕೆಲಸ ಕಲಿಸಿದ್ದೇನು ಎಂದು ಕಿರಿಯ ಶಿಕ್ಷಕಿಯರು ಕೇಳಿದರೆ ಇದನ್ನೇ ಹೇಳುತ್ತೇನೆ. ಯಾವ ಪಠ್ಯವನ್ನಾದರೂ ಆರಿಸಿಕೊಳ್ಳಿ, ಆದರೆ ಅದು ಆ ಮನೆಯ ಹೊಸ್ತಿಲು ದಾಟುತ್ತದೆಯೇ ಎಂದು ಮೊದಲು ನೋಡಿ. ಮಗುವಿನ ಬಗ್ಗೆ ವರದಿ ಬರೆಯುವಾಗ ಏನೇನಿಲ್ಲ ಎಂದು ಬರೆಯುವುದನ್ನು ನಾನು ಆ ವರ್ಷವೇ ಬಿಟ್ಟೆ. ಇನ್ನೂ ಏನು ಬರಬೇಕು ಎಂದು ಬರೆಯತೊಡಗಿದೆ. ಬರೆಯುವ ಕೈ ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು.

ಆ ಜೂನ್‌ನಲ್ಲಿ ಶಾಲೆಯ ಮೊದಲ ದಿನ ನಾನು ನಾಲ್ಕನೇ ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಹಾಜರಿ ಶುರುವಾದರೂ ರಂಜಿತಾಳ ಸುಳಿವಿಲ್ಲ. ಹೊಸ ಗಾಲಿಕುರ್ಚಿಯ ಚಕ್ರ ದಾರಿಯ ಮರಳಿನಲ್ಲಿ ಹೂತಿತ್ತಂತೆ. ಮಿಸ್ ಒಂದೊಂದೇ ಹೆಸರು ಕೂಗುತ್ತ ಅವಳ ಹೆಸರಿಗೆ ಬಂದರು. ಇನ್ನೊಮ್ಮೆ ಕೂಗಿದರು. ಅಷ್ಟರಲ್ಲಿ ಗೇಟಿನ ಕಡೆಯಿಂದ ಒಂದು ದನಿ, ಎಳೆದು ಎಳೆದು, ಒಂದೊಂದೇ ಅಕ್ಷರ ಕೂಡಿಸುತ್ತ ಬಂತು. ಇಡೀ ತರಗತಿ ಕತ್ತು ತಿರುಗಿಸಿ, ಅದು ಮುಗಿಯುವವರೆಗೆ ಕಾಯಿತು. ಯಾರೂ ನಗಲಿಲ್ಲ.

“ಎಸ್... ಮಿಸ್!”

ಹಿಂದೆ ಕುರ್ಚಿ ತಳ್ಳುತ್ತಿದ್ದ ಓಬಜ್ಜಿ ಏದುಸಿರು ಬಿಡುತ್ತ ಕೂಗಿದಳು: “ಬರ್ಕಳ್ರಿ ಮೇಡಮ್ಮಾರೆ, ಬರ್ಬೇಕಾದ್ದು ಬಂತು!”