ಪೋಲೆಂಡಿನ ಗುಡ್ಡ ಹತ್ತಲು ಹೊರಟ ಅಮ್ಮ

ಸ್ನೇಹಿತರೇ, ಇವತ್ತು ಸಂಜೆ ವಿದೇಶದಲ್ಲಿ ನಾವಿರುವ ಎಟೋಬಿಕೋದ ಹೊಳೆದಂಡೆಯ ಟ್ರೇಲ್‌ನಲ್ಲಿ ವಾಕಿಂಗ್ ಹೋದ ಅಮ್ಮನನ್ನು ಹುಡುಕಿ ಹುಡುಕಿ ಗಾಬರಿಯಾಯಿತು. ಮೈಸೂರಿನಿಂದ ನಮ್ಮ ಮನೆಗೆ ಬಂದಿರುವ ಅವರಿಗೆ ಇಂಗ್ಲಿಷ್ ಬಾರದು. ಕೊನೆಗೆ ನೋಡಿದರೆ, ಪಕ್ಕದ ಮನೆಯ ಪೋಲಿಷ್ ಅಜ್ಜಿ ಹಲೀನಾ ಜೊತೆ ಬೆಂಚಿನ ಮೇಲೆ ನಗುತ್ತ ಕೂತಿದ್ದಾರೆ.

"ಇವರೂರು ಕಾಜಿಮಿಯೆಜ್ ಅಂತೆ ಕಣೋ. ಗುಡ್ಡದ ಮೇಲೆ ಹಳೇ ಕೋಟೆ, ಕೆಳಗೆ ನದಿ. ಸುತ್ತ ಕಾಲುದಾರಿ, ಮಕ್ಕಳೂ ಆರಾಮಾಗಿ ನಡೀಬಹುದಂತೆ. ಸಮ್ಮರಲ್ಲಿ ಎಲ್ರೂ ಬರ್ತೀವಿ ಅಂದ್ಬಿಟ್ಟಿದೀನಿ," ಎಂದರು ಅಮ್ಮ.

"ಇದನ್ನೆಲ್ಲ ಯಾವ ಭಾಷೇಲಿ ಹೇಳಿದ್ರಮ್ಮ?"

"ಅವ್ರು ಅವ್ರದ್ರಲ್ಲಿ, ನಾನು ನಮ್ಮದ್ರಲ್ಲಿ."

ನಂಬದೆ ಮನೆಗೆ ಬಂದು ಇಂಟರ್ನೆಟ್‌ನಲ್ಲಿ ಹುಡುಕಿದೆ. ಕೋಟೆ, ನದಿ, ಕಾಲುದಾರಿ ಎಲ್ಲವೂ ಇವೆ. ಇನ್ನು ನಾನು ಬಾಸ್‌ಗೆ ಇಂಗ್ಲಿಷ್‌ನಲ್ಲಿ ರಜೆ ಕೇಳಿ ಅರ್ಥ ಮಾಡಿಸಬೇಕು.